ನೀರು ತುಂಬಿದವಳ ಹೆಸರು

ಚೆಂಗ್ ಬೋಯುವಾನ್ ಮೇಷ್ಟ್ರ ಕಾರ್ಯಶಾಲೆಯಲ್ಲಿ ಜಾಡಿಯ ಮೇಲೆ ಎಲ್ಲಕ್ಕಿಂತ ಮೊದಲು ಬೀಳುತ್ತಿದ್ದದ್ದು ಸಹಿ. ಚಿತ್ರವೆಲ್ಲ ಆಮೇಲೆ. ಒಣಗಿದ, ಆದರೆ ಇನ್ನೂ ಬೇಯದ ಹಸಿ ಜಾಡಿ ಹಲಗೆಯ ಮೇಲೆ ಬೋರಲಾಗಿ ಬಂದು ಕೂರುತ್ತಿತ್ತು. ತು ಯಿನ್‌ಹ್ವಾ ಒಂದು ಪುಟ್ಟ ಅಚ್ಚುಹಾಳೆಯನ್ನು ನೀರಲ್ಲಿ ನೆನೆಸಿ, ಜಾಡಿಯ ತಳಕ್ಕೆ ಅಂಟಿಸಿ, ಒದ್ದೆ ಸ್ಪಂಜಿನಿಂದ ಮೆಲ್ಲಗೆ ಒತ್ತಿ, ಕಾಗದವನ್ನು ಸುಲಿದು ತೆಗೆಯುತ್ತಿದ್ದಳು. ತಳದಲ್ಲಿ ಬೂದುಬಣ್ಣದ ಅಕ್ಷರಗಳು ಉಳಿಯುತ್ತಿದ್ದವು: ‘ಚೆಂಗ್ ಬೋಯುವಾನ್, ಸ್ವಂತ ಕೈಯಿಂದ.’ ಸ್ವಂತ ಕೈ ಎಂಬ ಮಾತನ್ನೂ ಪ್ರಿಂಟರೇ ಬರೆದಿತ್ತು. ಒಂದೊಂದು ದೊಡ್ಡ ಹಾಳೆಯಲ್ಲಿ ಅಂಥ ಸ್ವಂತ ಕೈಗಳು ಅಂಚೆಚೀಟಿಗಳ ಹಾಗೆ ಸಾಲುಸಾಲಾಗಿ ಇರುತ್ತಿದ್ದವು. ಬೇಕಾದಾಗ ಒಂದನ್ನು ಕತ್ತರಿಸಿಕೊಂಡರಾಯಿತು.

ಯಿನ್‌ಹ್ವಾಳಿಗೆ ಇದರಲ್ಲಿ ಬಹಳ ಕಾಲ ಏನೂ ತಪ್ಪು ಕಂಡಿರಲಿಲ್ಲ. ಜಿಂಗ್‌ದೆಝೆನ್‌ನಲ್ಲಿ ಪಿಂಗಾಣಿ ಒಬ್ಬರ ಕೈಯಲ್ಲಿ ಹುಟ್ಟಿದ್ದು ಯಾವತ್ತೂ ಇಲ್ಲ. ಮಣ್ಣು ತಿರುಗಿಸುವವನು ಬೇರೆ, ಅದನ್ನು ಹೆರೆದು ತೆಳುಮಾಡುವವನು ಬೇರೆ, ಗೆರೆ ಎಳೆಯುವವನು ಬೇರೆ, ಆ ಗೆರೆಗಳ ನಡುವೆ ನೀಲಿಯ ನೀರು ತುಂಬುವವಳು ಬೇರೆ. ಗೆರೆಯವರು ನೀರಿಗೆ ಕೈ ಹಾಕುವುದಿಲ್ಲ, ನೀರಿನವರು ಗೆರೆಗೆ ಹೋಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ಕಣ್ಣು ಬೇಕು ಎಂದು ಹಿರಿಯರು ಕಾರಣ ಕೊಡುತ್ತಿದ್ದರು. ಇರಬಹುದು. ಆದರೆ ಗೆರೆಯ ಸಾಲಿನಲ್ಲಿ ಗಂಡಸರೇ ಏಕೆ ತುಂಬಿರುತ್ತಿದ್ದರು, ನೀರಿನ ಸಾಲಿನಲ್ಲಿ ಹೆಂಗಸರೇ ಏಕೆ ತುಂಬಿರುತ್ತಿದ್ದರು, ತಳದಲ್ಲಿ ಹೆಸರು ಬರೆಯುವಾಗ ಕುಂಚ ಪ್ರತಿ ಸಲವೂ ಒಂದೇ ಸಾಲಿಗೆ ಏಕೆ ಹೋಗುತ್ತಿತ್ತು ಎಂಬುದಕ್ಕೆ ಕಣ್ಣಿನ ಕಾರಣ ಸಾಲದು.

ಅವಳು ಹುಟ್ಟಿದ್ದು ಸರ್ಕಾರಿ ಪಿಂಗಾಣಿ ಕಾರ್ಖಾನೆಯ ವಠಾರದಲ್ಲಿ. ಅಮ್ಮ ಅಲ್ಲಿ ನೀರು ತುಂಬುವವಳು. ಶಾಲೆ ಬಿಟ್ಟ ಮಗಳನ್ನು ಅಮ್ಮ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ಕೈಗೆ ಕೋಳಿತಲೆ ಕುಂಚ ಕೊಟ್ಟಳು. ಹೊಟ್ಟೆ ದಪ್ಪ, ತುದಿ ಕೊಕ್ಕಿನಷ್ಟು ಚೂಪು. ಅದರ ಹೊಟ್ಟೆಯ ತುಂಬ ನೀಲಿಯ ನೀರು ತುಂಬಿಕೊಂಡು, ಕುಂಚ ಮಣ್ಣಿಗೆ ತಾಗದಂತೆ ಬರೀ ನೀರಿನ ಹನಿಯನ್ನು ಮುಂದೆ ಮುಂದೆ ನಡೆಸಿಕೊಂಡು ಹೋಗಬೇಕು. ಹಸಿ ಮಣ್ಣು ಬಾಯಾರಿದ ಮಗುವಿನ ಹಾಗೆ ನೀರು ಕುಡಿಯುತ್ತದೆ. ಒಂದು ಗಳಿಗೆ ನಿಂತರೆ ಕಲೆ. ಗೆರೆಯನ್ನು ಮುಟ್ಟಿದರೆ ಗೆರೆ ಕರಗಿ ಕೆಸರು. ನೀರು ಜಾಸ್ತಿಯಾದರೆ ಜಾಡಿಯ ಗೋಡೆಯೇ ಕುಸಿಯುತ್ತದೆ. ಕೈಗೆ ಎಣ್ಣೆ ಹಚ್ಚುವಂತಿಲ್ಲ, ಮುಲಾಮು ಹಚ್ಚುವಂತಿಲ್ಲ; ಜಿಡ್ಡಿನ ಬೆರಳು ತಾಗಿದ ಕಡೆ ಮೆರುಗು ನಿಲ್ಲುವುದಿಲ್ಲ. ಹಾಗಾಗಿ ನೀರಿನವರ ಬೆರಳುಗಳು ಚಳಿಗಾಲವಿಡೀ ಬಿರುಕು ಬಿಟ್ಟು ರಕ್ತ ಒಸರುತ್ತಿದ್ದವು. ರಕ್ತವನ್ನು ಒರೆಸಿಕೊಂಡು ಕೂರಬೇಕು, ಅಷ್ಟೆ.

ಅವಳು ಮದುವೆಯಾದದ್ದು ಗೆರೆಯ ಸಾಲಿನ ಹುಂಗ್ ಶುಯ್‌ಶೆಂಗ್‌ನನ್ನು. ಇವನ ಗೆರೆ ನೋಡಿದರೆ ಬೆಟ್ಟಕ್ಕೆ ಮೂಳೆ ಇದೆ ಅನ್ನಿಸುತ್ತಿತ್ತು. ಕಾರ್ಖಾನೆ ಮುಚ್ಚಿತು. ಇಬ್ಬರೂ ಬಾಡಿಗೆಯ ಒಂದು ಕೋಣೆಯಲ್ಲಿ ಕೂತು ಹೂಜಿ, ಬಟ್ಟಲು, ಹೂದಾನಿ ಮಾಡಿ ಮಾರಿದರು. ಅವನು ಗೆರೆ ಎಳೆದು ತಳದಲ್ಲಿ ‘ಹುಂಗ್ ಶುಯ್‌ಶೆಂಗ್ ಬರೆದದ್ದು’ ಎಂದು ಬರೆದು ಅವಳ ಕಡೆ ಸರಿಸುತ್ತಿದ್ದ. ಅವಳು ಅದಕ್ಕೆ ಬೆಳಕು, ನೆರಳು, ದೂರ, ಹತ್ತಿರ, ನದಿ, ಮೋಡ ಎಲ್ಲವನ್ನೂ ತುಂಬಿ ಆಚೆ ಸರಿಸುತ್ತಿದ್ದಳು.

ಆಮೇಲೆ ಚೆಂಗ್ ಮೇಷ್ಟ್ರು ಬಂದರು. ಕಲಾಶಾಲೆಯಲ್ಲಿ ಓದಿದವರು, ಬಿರುದು ಇದ್ದವರು, ಮಾತು ಬಲ್ಲವರು. ಶುಯ್‌ಶೆಂಗ್‌ನ ಹತ್ತಿರ ಇದ್ದ, ಅವನೇ ಬರೆದ ಬೆಟ್ಟ ನದಿಗಳ ಮಾದರಿ ಚಿತ್ರಗಳ ಸುರುಳಿಗಳನ್ನು ಒಂದು ಚಳಿಗಾಲದಲ್ಲಿ ಕೊಂಡುಕೊಂಡರು. ಅವನು ಖುಷಿಯಿಂದಲೇ ಕೊಟ್ಟ. ಮೇಷ್ಟ್ರು ಗೋಡೆಗೆ ತೂಗುಹಾಕಿಕೊಳ್ಳುತ್ತಾರೆ ಅಂದುಕೊಂಡಿದ್ದ. ಮೇಷ್ಟ್ರು ಅವನ್ನು ಸ್ಕ್ಯಾನ್ ಮಾಡಿಸಿ ಟ್ಯಾಬಿನೊಳಗೆ ಇಳಿಸಿಕೊಂಡರು. ಇಲ್ಲಿಯ ಬೆಟ್ಟ ಎತ್ತಿ ಅಲ್ಲಿಟ್ಟು, ಸೇತುವೆಯನ್ನು ಉದ್ದ ಮಾಡಿ, ಆಕಾಶವನ್ನು ಖಾಲಿ ಬಿಟ್ಟು ಹೊಸ ಹೊಸ ಚಿತ್ರ ಕಟ್ಟಿದರು. ನೀಲಿ ಮಸಿಯಲ್ಲಿ ಅಚ್ಚುಹಾಳೆ ತೆಗೆಸಿ ಹಸಿ ಜಾಡಿಗಳಿಗೆ ಅಂಟಿಸಿದರು. ಗೆರೆಯವರ ಕೆಲಸ ಅಲ್ಲಿಗೆ ಮುಗಿಯಿತು. ಶುಯ್‌ಶೆಂಗ್ ಮೂರು ಗಾಲಿಯ ಗಾಡಿ ಹಿಡಿದು ಹಸಿ ಪಾತ್ರೆಗಳನ್ನು ಕಾರ್ಯಶಾಲೆಯಿಂದ ಕಾರ್ಯಶಾಲೆಗೆ ಸಾಗಿಸಲು ಹೊರಟ. ಹಸಿ ಮಣ್ಣಿನ ಮೇಲೆ ನೀರು ನಡೆಸುವ ಯಂತ್ರ ಮಾತ್ರ ಇನ್ನೂ ಬಂದಿರಲಿಲ್ಲ. ಹಾಗಾಗಿ ಮೇಷ್ಟ್ರು ಯಿನ್‌ಹ್ವಾಳನ್ನು ಕರೆಸಿದರು.

ಹೆಂಡತಿ ಅಲ್ಲಿಗೆ ಹೋದದ್ದಕ್ಕೆ ಶುಯ್‌ಶೆಂಗ್ ಊಟದ ಹೊತ್ತಿಗೆಲ್ಲ ಚುಚ್ಚುತ್ತಿದ್ದ. ಕಳ್ಳರ ಮನೆಗೆ ನೀರು ಹೊರುವವಳು ಎನ್ನುತ್ತಿದ್ದ. ಅವಳು ಅನ್ನ ಬಡಿಸಿ, ಮೆಣಸಿನಕಾಯಿ ಹಾಕಿದ ಹಂದಿಮಾಂಸ ಅವನ ಕಡೆ ತಳ್ಳಿ, ತನ್ನ ಪಾಡಿಗೆ ತಾನು ಉಣ್ಣುತ್ತಿದ್ದಳು. ಅಚ್ಚಿನ ಗೆರೆಯಾದರೂ ಅದು ಶುಯ್‌ಶೆಂಗ್‌ನ ಗೆರೆ ಎಂದು ಅವಳಿಗೆ ಗೊತ್ತಿತ್ತು. ಬೇರೆ ಯಾರದೋ ಗೆರೆಯೊಳಗೆ ನೀರು ತುಂಬುವುದಕ್ಕಿಂತ ಇದು ಮೇಲು ಅನ್ನಿಸಿತ್ತು.

ಅಲ್ಲೇ ಒಂದು ತಪ್ಪಾಯಿತು. ಅವಳ ಬಾಳಿನಲ್ಲೇ ದೊಡ್ಡ ತಪ್ಪು. ಮಳೆಗಾಲದ ಒಂದು ದಿನ, ಮಣ್ಣು ಸರಿಯಾಗಿ ಒಣಗಿರಲಿಲ್ಲ. ಬೆಟ್ಟದ ಬುಡ ತುಂಬುತ್ತಿದ್ದ ನೀರು ಹಿಡಿತ ತಪ್ಪಿ ಗೆರೆಯನ್ನು ದಾಟಿ ಆಚೆ ಹರಿಯಿತು. ಗೆರೆ ದಾಟಿದ ನೀರು ಎಂದರೆ ಆ ಕಸುಬಿನಲ್ಲಿ ನಾಚಿಕೆಗೇಡು. ಅಮ್ಮನಾಗಿದ್ದರೆ ಕುಂಚದ ಹಿಡಿಯಿಂದ ಗೆಣ್ಣಿಗೆ ಬಾರಿಸುತ್ತಿದ್ದಳು. ಆದರೆ ಗೆರೆ ಕರಗಲಿಲ್ಲ. ಬಣ್ಣವನ್ನು ಚಹಾನೀರಿನಲ್ಲಿ ಕಲಸಿ ಕೈಯಿಂದ ಎಳೆದ ಗೆರೆಯಾಗಿದ್ದರೆ ಕರಗುತ್ತಿತ್ತು. ಇದು ಅಚ್ಚಿನದು, ಗಟ್ಟಿಯಾಗಿ ಕೂತಿತ್ತು. ಅವಳು ಒಂದು ಗಳಿಗೆ ನೋಡಿದಳು. ಮತ್ತೆ ಬೇಕೆಂದೇ ಇನ್ನೊಂದು ಹನಿಯನ್ನು ಗೆರೆಯ ಮೇಲೆ ನಡೆಸಿದಳು. ಹಾಗೇ ಇಡೀ ಕಣಿವೆಯ ಮೇಲೆ ನಡೆಸಿಬಿಟ್ಟಳು. ಆವಿಗೆಯಿಂದ ಹೊರಗೆ ಬಂದಾಗ ಬೆಟ್ಟಗಳು ಮಂಜಿನೊಳಗೆ ನಿಂತಿದ್ದವು. ಗೆರೆ ಕಾಣುತ್ತಿತ್ತು, ಮುಸುಕಾಗಿಯೂ ಇತ್ತು. ಬರೀ ಕೈಯಿಂದಲೂ ಅದು ಆಗುತ್ತಿರಲಿಲ್ಲ, ಬರೀ ಯಂತ್ರದಿಂದಲೂ ಆಗುತ್ತಿರಲಿಲ್ಲ. ಎಷ್ಟೋ ತಲೆಮಾರು ಗೆರೆಯ ಮುಂದೆ ಕೈಕಟ್ಟಿ ನಿಂತಿದ್ದ ನೀರು ಅವತ್ತು ಗೆರೆಯ ಮೇಲೆ ನಡೆದಾಡಿತ್ತು.

ಮೇಷ್ಟ್ರು ಆ ಜಾಡಿಯ ಮುಂದೆ ಬಹಳ ಹೊತ್ತು ನಿಂತರು. ಇನ್ನು ಮೇಲೆ ಎಲ್ಲವನ್ನೂ ಹೀಗೇ ಮಾಡಿ ಅಕ್ಕ ಎಂದರು. ಹೊಗಳಿಕೆ ಅಷ್ಟೇ. ಆ ಮಂಜು ಅವರನ್ನು ದೊಡ್ಡವರನ್ನಾಗಿ ಮಾಡಿತು. ಪತ್ರಿಕೆಯವರು ಕೇಳಿದಾಗಲೆಲ್ಲ, ಬೆಟ್ಟದ ಮೇಲಿನ ಗುಡಿಯೊಂದರಲ್ಲಿ ಧ್ಯಾನಕ್ಕೆ ಕೂತಿದ್ದಾಗ ಅದು ತಮಗೆ ಹೊಳೆಯಿತು ಎಂದು ಹೇಳಿದರು. ಬೆಟ್ಟ ಹತ್ತಿದವರು ಅವರು, ಸರಿ. ಮಂಜಿನಲ್ಲಿ ಬೆರಳು ಬಿರಿದವಳು ಇವಳು.

ಇಷ್ಟಾದರೂ ಯಿನ್‌ಹ್ವಾ ಸುಮ್ಮನೆ ಕೂತಿದ್ದಳು. ಅವಳನ್ನು ಎಬ್ಬಿಸಿದ್ದು ಒಂದು ವಿಡಿಯೊ.

ಊರಲ್ಲೇ ನಡೆಯಲಿದ್ದ ಪ್ರಾಂತ್ಯದ ದೊಡ್ಡ ಪ್ರದರ್ಶನಕ್ಕೆ ಮೇಷ್ಟ್ರ ಒಂದು ಜಾಡಿ ಹೋಗುವುದಿತ್ತು. ‘ಯಂತ್ರ ಮತ್ತು ಕೈ’ ಎಂಬ ಹೆಸರಿನ ಪ್ರದರ್ಶನ. ಅದಕ್ಕಾಗಿ ಕ್ಯಾಮರಾದವರು ಬಂದರು. ಮೇಷ್ಟ್ರು ಟ್ಯಾಬ್ ಹಿಡಿದು ಬೆಟ್ಟ ಸರಿಸುವುದನ್ನು ಕ್ಯಾಮರಾದಲ್ಲಿ ಹಿಡಿದರು. ಆಮೇಲೆ ಯಿನ್‌ಹ್ವಾಳನ್ನು ಸ್ಟೂಲಿನಿಂದ ಎಬ್ಬಿಸಿ ಮೇಷ್ಟ್ರನ್ನು ಕೂರಿಸಿದರು. ಅವಳ ಏಪ್ರನ್ ಬಿಚ್ಚಿಸಿ ಅವರಿಗೆ ತೊಡಿಸಿದರು. ಮೇಷ್ಟ್ರು ಕೋಳಿತಲೆ ಕುಂಚವನ್ನು ಪೆನ್ನು ಹಿಡಿದಂತೆ ಹಿಡಿದರು. ನೀರು ಮೊಣಕೈವರೆಗೆ ಇಳಿಯಿತು. ಆಗ ಕ್ಯಾಮರಾದವನು ಮುಖವನ್ನು ಬೇರೆಯಾಗಿ, ಕೈಯನ್ನು ಬೇರೆಯಾಗಿ ತೆಗೆಯೋಣ ಎಂದ. ಯಿನ್‌ಹ್ವಾಳನ್ನು ಮತ್ತೆ ಕೂರಿಸಿ, ತೋಳಿಗೆ ಮೇಷ್ಟ್ರ ರೇಷ್ಮೆಯ ಅಂಗಿಯ ತೋಳು ಹಾಕಿಸಿ, ಮಣಿಕಟ್ಟಿನಿಂದ ಕೆಳಗಷ್ಟೇ ಹಿಡಿದ. ಕೆಲಸದ ಗಲಾಟೆಯಲ್ಲಿ ಅವಳಿಗೆ ಅದೇನೆಂದು ತಲೆಗೆ ಹೋಗಲಿಲ್ಲ.

ಅದು ತಲೆಗೆ ಹೋದದ್ದು ಓಣಿಯ ತಿಂಡಿಯಂಗಡಿಯಲ್ಲಿ. ಅವಳೂ ಶುಯ್‌ಶೆಂಗ್‌ನೂ ಖಾರದ ತಣ್ಣನೆ ಅಕ್ಕಿಶ್ಯಾವಿಗೆ ತಿನ್ನುತ್ತಿದ್ದರು. ಅಂಗಡಿಯವಳು ಫೋನನ್ನು ಅವರ ಮುಂದೆ ಹಿಡಿದಳು. ಮೇಷ್ಟ್ರ ಮುಖ, ಮುಗುಳ್ನಗೆ, ಗಡ್ಡ. ತಕ್ಷಣ ಕೈ. ಗೆಣ್ಣಿನ ಬಳಿ ಬಿರುಕು, ಹೆಬ್ಬೆರಳಿನ ಪಕ್ಕ ಹತ್ತಿದ ನೀಲಿ ಹೋಗದ ಉಗುರು. ಹಿಂದಿನಿಂದ ಗಂಭೀರ ದನಿ: ಮಹಾಕಲಾವಿದನ ಕೈ ಹೇಗೆ ತಾಳ್ಮೆಯ ಕಥೆ ಹೇಳುತ್ತದೆ ನೋಡಿ.

ಶುಯ್‌ಶೆಂಗ್ ನಕ್ಕ. ಶ್ಯಾವಿಗೆ ಗಂಟಲಿಗೆ ಸಿಕ್ಕುವಷ್ಟು ನಕ್ಕ. “ಗಂಡ್ಸಿನ್ ಮುಖಕ್ಕೆ ನಿನ್ ಕೈ ಕಸಿ ಮಾಡವ್ರಲ್ಲೇ. ನನ್ ಗೆರೆ ಕದ್ದಾಗ ನೀನ್ ಬಾಯ್ ಮುಚ್ಕೊಂಡಿದ್ದೆ. ಈಗ ನಿನ್ ಕೈಗೇ ಬಂತು ನೋಡು. ಹೆಸರೂ ಇಲ್ಲ, ಏನೂ ಇಲ್ಲ. ಹೆಂಗಿದೆ?”

ಅವಳು ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲೆ ಇಟ್ಟಳು.

“ಇಪ್ಪತ್ ವರ್ಷ ನೀನ್ ನಿನ್ ಹೆಸರು ಬರ್ದೆ ತಳದಲ್ಲಿ. ನಾನ್ ಪಕ್ಕದಲ್ಲೇ ಕೂತಿದ್ದೆ. ಒಂದ್ ದಿನ ನನ್ ಹೆಸರ್ ಬರ್ದಿದ್ಯಾ?”

“ಅದು... ಹಂಗೆಲ್ಲ ಯಾರ್ ಬರೀತಾರೆ? ನೀರಿನೋರ್ ಹೆಸರು ಯಾವ ಕಾಲದಲ್ಲಿ ಬರ್ದವ್ರೆ?”

“ಅದ್ನೇ ಅಲ್ವಾ ಮೇಷ್ಟ್ರೂ ಹೇಳೋದು? ಮೇಷ್ಟ್ರು ನಿನ್ ಹತ್ರಾನೇ ಕಲ್ತಿರ್ಬೇಕು.”

ಶುಯ್‌ಶೆಂಗ್‌ನ ನಗು ನಿಂತಿತು. ಅಂಗಡಿಯವಳು ಫೋನ್ ಎತ್ತಿಕೊಂಡು ಒಳಗೆ ಹೋದಳು. ಗಂಡನ ಬಟ್ಟಲಿನಲ್ಲಿ ಶ್ಯಾವಿಗೆ ಹಾಗೇ ಉಳಿಯಿತು. ಅವನ ಮೇಲಿನ ಕೋಪವೋ, ಮೇಷ್ಟ್ರ ಮೇಲಿನ ಕೋಪವೋ, ಎಂದು ಅವಳು ಬೇರ್ಪಡಿಸಿ ನೋಡಲಿಲ್ಲ. ಬೇರೆ ಬೇರೆ ಇದ್ದರಲ್ಲವೇ ಬೇರ್ಪಡಿಸುವುದು. ಮದುವೆಯಾಗಿ, ಮಗಳನ್ನು ಹೆತ್ತು, ಆ ಮಗಳು ನಾನ್‌ಚಾಂಗ್‌ನಲ್ಲಿ ಸಂಸಾರ ಹೂಡಿ, ಇಷ್ಟೆಲ್ಲ ಆಗುವಷ್ಟರಲ್ಲಿ ತನ್ನ ಕೈ ದಾಟಿಹೋದ ಒಂದೇ ಒಂದು ಪಾತ್ರೆಯ ಮೇಲೂ ತಾನು ಇಲ್ಲ ಎಂಬುದು ಅವಳಿಗೆ ಅವತ್ತು ಮೈಗೆ ತಾಗಿತು.

ಪ್ರದರ್ಶನದ ಜಾಡಿ ಹಲಗೆಯ ಮೇಲೆ ಬೋರಲಾಗಿ ಬಂದು ಕೂತಿತು. ತಬ್ಬಿದರೆ ಕೈತುಂಬುವಷ್ಟು ದೊಡ್ಡದು. ಯಿನ್‌ಹ್ವಾ ಎಂದಿನಂತೆ ಮೇಷ್ಟ್ರ ಸಹಿಯನ್ನು ಅಂಟಿಸಿದಳು. ಅದನ್ನು ಕಿತ್ತುಹಾಕುವ ಯೋಚನೆ ಬಂದಿತ್ತು, ಮಾಡಲಿಲ್ಲ. ಬೆಟ್ಟಗಳನ್ನು ಟ್ಯಾಬಿನಲ್ಲಿ ಅತ್ತಿತ್ತ ಸರಿಸಿ ಜೋಡಿಸಿದ್ದು ಅವರೇ. ಅದೂ ಕೆಲಸವೇ, ಇಲ್ಲ ಎನ್ನುವುದಕ್ಕೆ ತಾನು ಅವರಂಥವಳಲ್ಲ. ಆಮೇಲೆ ತೆಳುವಾದ ಕುಂಚವೊಂದನ್ನು ಎತ್ತಿಕೊಂಡಳು. ನೀರಿನವಳು ಗೆರೆಯ ಕುಂಚ ಹಿಡಿಯಬಾರದು. ಹಿಡಿದಳು. ಸಹಿಯ ಕೆಳಗೆ ಬರೆದಳು: ‘ಗೆರೆ ಹುಂಗ್ ಶುಯ್‌ಶೆಂಗ್‌ನದು, ಅಚ್ಚು ಯಂತ್ರದ್ದು. ನೀರು ಮತ್ತು ಮಂಜು ತು ಯಿನ್‌ಹ್ವಾಳದು.’ ಅಕ್ಷರ ಸೊಟ್ಟಗಿದ್ದವು. ಅಭ್ಯಾಸ ಎಲ್ಲಿತ್ತು?

ತಳಕ್ಕೆ ಮೆರುಗು ಹಾಕಲು ಶ್ಯೋಂಗ್ ಬಂದ. ಮೆರುಗು, ಆವಿಗೆ ಎರಡೂ ಅವನ ಪಾಲು. ಊರಿನ ಅರ್ಧ ಪಾತ್ರೆ ಅವನ ಗ್ಯಾಸಿನ ಆವಿಗೆಯಲ್ಲೇ ಬೇಯುವುದು. ಬಗ್ಗಿ ಓದಿದ. ತಲೆ ಕೆರೆದುಕೊಂಡ.

“ಅಕ್ಕಾ, ಬೆಂದ್ಮೇಲೆ ಇದು ಅಳ್ಸೋಕಾಗಲ್ಲ. ಗೊತ್ತಲ್ಲ?”

“ಗೊತ್ತಿದ್ದೇ ಬರ್ದಿರೋದು.”

“ನನ್ ಹೆಸ್ರೂ ಹಾಕ್ಬಿಡು ಮತ್ತೆ. ಬೇಯ್ಸೋನು ನಾನು.”

ಅವಳು ಕುಂಚವನ್ನು ಅವನ ಮುಂದೆ ಹಿಡಿದಳು. ಶ್ಯೋಂಗ್ ತಮಾಷೆಗೆ ಹೇಳಿದ್ದ. ಕೈ ಹಿಂದಕ್ಕೆ ಎಳೆದುಕೊಂಡ. ತನಗೆ ಮೇಷ್ಟ್ರ ಕೆಲಸ ಬೇಕು ಎಂದು ಗೊಣಗಿ, ಮೆರುಗು ಊದಿ, ಜಾಡಿಯನ್ನು ನೆಟ್ಟಗೆ ತಿರುಗಿಸಿಟ್ಟು ಹೋದ. ಹೆದರಿಕೆಯವನಾದರೂ ಬಾಯಿಬಡುಕನಲ್ಲ. ಜಾಡಿ ಬೇಯುವವರೆಗೆ ಯಾರಿಗೂ ಹೇಳಲಿಲ್ಲ.

ಆಮೇಲೆ ಅವಳು ಆ ಜಾಡಿಗೆ ನೀರು ತುಂಬಿದಳು. ಹಿಂದೆಂದೂ ಹಾಗೆ ತುಂಬಿರಲಿಲ್ಲ. ಕೆಲಸ ಕೆಡಿಸಿ ಸೇಡು ತೀರಿಸಿಕೊಳ್ಳಬಹುದಿತ್ತು; ಎಷ್ಟೋ ಜನ ಹಾಗೆ ಮಾಡುತ್ತಾರೆ, ತಪ್ಪೆನ್ನಲೂ ಆಗದು. ಅವಳ ಕೋಪ ಕೈಯ ಮಟ್ಟಕ್ಕೆ ಇಳಿಯಲಿಲ್ಲ. ಮಂಜು ಗೆರೆಗಳ ಮೇಲೆ ಹಾದು, ಸೇತುವೆಯ ಅರ್ಧವನ್ನು ನುಂಗಿ, ದೋಣಿಯನ್ನು ಮಾತ್ರ ಬಿಟ್ಟು, ಜಾಡಿಯ ಕುತ್ತಿಗೆಯವರೆಗೆ ಏರಿತು.

ಮೇಷ್ಟ್ರು ತಮ್ಮ ಪ್ರತಿ ಪಾತ್ರೆಗೂ ಒಂದು ಪ್ರಮಾಣಪತ್ರ ಮಾಡುತ್ತಿದ್ದರು. ಅದರಲ್ಲಿ ತಳದ ಸಹಿಯ ಫೋಟೊ ಇರುತ್ತಿತ್ತು. ಆವಿಗೆ ತೆಗೆದ ದಿನ ಬೆಚ್ಚಗಿದ್ದ ಜಾಡಿಯನ್ನು ಓರೆಮಾಡಿಸಿ ಫೋನ್ ಹಿಡಿದವರು ಹಾಗೇ ನಿಂತರು. ಬೂದಿ ಬಣ್ಣದ ಸೊಟ್ಟ ಅಕ್ಷರಗಳು ಬೆಂಕಿಯಲ್ಲಿ ಬೆಂದು ನೀಲಿಯಾಗಿ ಹೊಳೆಯುತ್ತಿದ್ದವು.

ಅವರು ಕೂಗಾಡಲಿಲ್ಲ. ಕೂಗಾಡುವ ಜನರಿಗೆ ಉತ್ತರ ಕೊಡುವುದು ಸುಲಭ. ಬಾಗಿಲು ಹಾಕಿಸಿ, ಅವಳನ್ನು ಎದುರಿಗೆ ಕೂರಿಸಿಕೊಂಡು, ಚಹಾ ಬಗ್ಗಿಸಿಕೊಟ್ಟು ಮೆತ್ತಗೆ ಮಾತಾಡಿದರು. ಮಣ್ಣು ಅಗೆದವನು, ಸೌದೆ ಒಡೆದವನು ಎಲ್ಲರ ಹೆಸರು ಬರೆಯುತ್ತ ಹೋದರೆ ಜಾಡಿಯಲ್ಲಿ ಚಿತ್ರಕ್ಕೆ ಜಾಗವೆಲ್ಲಿ ಎಂದು ಕೇಳಿದರು. ಕಲ್ಪನೆ ಒಬ್ಬರದು, ಕೈ ಹಲವರದು, ಲೋಕದಲ್ಲೆಲ್ಲ ಹೀಗೇ ಎಂದರು. ತಳದಲ್ಲಿ ಸ್ವಲ್ಪ ಉಜ್ಜಿ ತೆಗೆಸೋಣ ಎಂದರು, ತಾವು ಇದನ್ನು ಮರೆತುಬಿಡುವುದಾಗಿಯೂ ಹೇಳಿದರು.

“ಎಲ್ರ ಹೆಸ್ರೂ ಬೇಡ ಮೇಷ್ಟ್ರೇ. ‘ಸ್ವಂತ ಕೈ’ ಅನ್ನೋದನ್ನ ತೆಗೀರಿ, ನನ್ ಹೆಸ್ರೂ ತೆಗೀತೀನಿ. ಕೈ ನಿಮ್ದು ಅಂತ ಬರ್ದಿದ್ದಕ್ಕೆ ತಾನೆ, ಅಲ್ಲ ಅಂತ ನಾನ್ ಬರೀಬೇಕಾಯ್ತು?”

ಮೇಷ್ಟ್ರು ಚಹಾದ ಬಟ್ಟಲನ್ನು ಕೆಳಗಿಟ್ಟರು. “ಯಿನ್‌ಹ್ವಾ ಅಕ್ಕ, ಯಾರೂ ಕೈನ ಕೊಂಡ್ಕೊಳಲ್ಲ. ಹೆಸರನ್ನ ಕೊಂಡ್ಕೋತಾರೆ.”

ಇಡೀ ಸಂಭಾಷಣೆಯಲ್ಲಿ ಅವರು ಆಡಿದ ಒಂದೇ ನಿಜ ಅದು. ಅದನ್ನು ಹೇಳುವಾಗ ಅವರಿಗೆ ನಾಚಿಕೆ ಆಗಲಿಲ್ಲ.

ತಳವನ್ನು ಉಜ್ಜಲು ಶ್ಯೋಂಗ್ ಒಪ್ಪಲಿಲ್ಲ. ಚಕ್ರ ಇಟ್ಟರೆ ಬಿರುಕು ಬಿಡಬಹುದು, ಬಿಟ್ಟರೆ ತಾನು ಹೊಣೆಯಲ್ಲ ಎಂದ. ಇನ್ನೊಂದು ಜಾಡಿ ಮಾಡಲು ಹೊತ್ತಿರಲಿಲ್ಲ, ಮಾಡುವ ಕೈಯೂ ಕೆಲಸ ಬಿಟ್ಟು ಎದ್ದಿತ್ತು. ಆಗ ಮೇಷ್ಟ್ರಿಗೆ ಹೊಳೆಯಿತು. ಈ ಸಲ ಬೆಟ್ಟದ ಗುಡಿಯವರೆಗೆ ಹೋಗುವ ಅಗತ್ಯವೂ ಬೀಳಲಿಲ್ಲ. ಕರಿಮರದ ಒಂದು ಪೀಠ ತರಿಸಿ, ಜಾಡಿಯ ತಳವನ್ನು ಅದಕ್ಕೆ ಕೆಲಸದವರ ಕೈಯಲ್ಲಿ ಗಟ್ಟಿ ಅಂಟಿನಿಂದ ಅಂಟಿಸಿಬಿಟ್ಟರು.

ಪ್ರದರ್ಶನದ ಮೊದಲ ದಿನ ಯಿನ್‌ಹ್ವಾ ಹೋದಳು. ಶುಯ್‌ಶೆಂಗ್ ತಾನೂ ಬರುತ್ತೇನೆಂದು ಮೂರು ಗಾಲಿಯ ಗಾಡಿಯನ್ನು ಒರೆಸಿ ತಂದ. ಜಾಡಿಯ ತಳದಲ್ಲಿ ತನ್ನ ಹೆಸರೂ ಇದೆ ಎಂದು ಅವನಿಗೆ ತಿಳಿದದ್ದು ಶ್ಯೋಂಗ್‌ನಿಂದ. ಇಬ್ಬರೂ ಗಾಜಿನ ಬಾಗಿಲು ದಾಟಿ, ದೀಪಗಳ ಕೆಳಗೆ ನಿಂತ ಜಾಡಿಯ ಹತ್ತಿರ ಹೋದರು. ಮಂಜು ಜನರನ್ನು ಹಿಡಿದು ನಿಲ್ಲಿಸಿತ್ತು. ಪಕ್ಕದ ಫಲಕದಲ್ಲಿ ಮೇಷ್ಟ್ರ ಹೆಸರು, ಯಂತ್ರದ ನಿಖರತೆ ಮತ್ತು ಕಲಾವಿದನ ಕೈಯ ಬಿಸುಪು ಒಂದಾದದ್ದರ ಬಗ್ಗೆ ನಾಲ್ಕು ಮಾತು. ಮೇಷ್ಟ್ರು ಜನರ ನಡುವೆ ನಿಂತು ವಿವರಿಸುತ್ತಿದ್ದರು.

ಅವಳು ನುಗ್ಗಿಕೊಂಡು ಮುಂದೆ ಹೋದಳು. “ಮೇಷ್ಟ್ರೇ, ಜಾಡಿ ಎತ್ತಿ ಕೆಳಗೆ ಏನ್ ಬರ್ದಿದೆ ಅಂತ ಇವ್ರಿಗೆ ತೋರ್ಸಿ.”

ಸುತ್ತ ಇದ್ದವರು ತಿರುಗಿದರು. ಮೇಷ್ಟ್ರು ನಕ್ಕು, ಇವರು ನಮ್ಮಲ್ಲಿ ಕೆಲಸ ಮಾಡುವ ಅಕ್ಕ, ತುಂಬ ಅಭಿಮಾನ ಎಂದು ಪರಿಚಯಿಸಿದರು. ಕಾವಲಿನವನು ಬಂದು, ದೂರ ನಿಲ್ಲಿ ಅಮ್ಮ, ಮುಟ್ಟಬಾರದು ಎಂದ. ಇಷ್ಟು ದಿನ ಆ ಜಾಡಿಯನ್ನು ಮುಟ್ಟದೆ ಉಳಿದವರು ಒಬ್ಬರೇ ಇದ್ದರು, ಅವರನ್ನು ಬಿಟ್ಟು ಅವನು ಇವಳಿಗೆ ಹೇಳಿದ.

“ಎತ್ತೋಕಾಗಲ್ಲ ಇವ್ರಿಗೆ. ಅಂಟ್ಸವ್ರೆ,” ಎಂದು ಯಿನ್‌ಹ್ವಾ ಜನರ ಕಡೆ ತಿರುಗಿ ಹೇಳಿದಳು. ಕನ್ನಡಕದ ಒಬ್ಬ ಹುಡುಗಿ ಬಗ್ಗಿ ಪೀಠದ ಅಂಚನ್ನು ನೋಡಿದಳು. ಉಳಿದವರು ಫೋನಿನಲ್ಲಿ ಮಂಜಿನ ಫೋಟೊ ತೆಗೆದುಕೊಂಡು ಮುಂದಿನ ಪಾತ್ರೆಗೆ ಹೋದರು. ಜಾಡಿಗೆ ಬಹುಮಾನ ಬಂತು. ಅದು ಯಾವ ಶ್ರೀಮಂತನ ಮನೆಯಲ್ಲಿದೆಯೋ ಗೊತ್ತಿಲ್ಲ. ಅಂಟು ಮಾತ್ರ ಬಿಟ್ಟಿರಲಾರದು.

ಅವಳು ಮತ್ತೆ ಆ ಕಾರ್ಯಶಾಲೆಗೆ ಕಾಲಿಡಲಿಲ್ಲ. ಅಲ್ಲಿ ಈಗ ಅವಳ ಸ್ಟೂಲಿನ ಮೇಲೆ ಬೇರೊಬ್ಬಳು ಕೂತಿದ್ದಾಳೆ, ಅವಳ ಹೆಸರನ್ನೂ ಯಾರೂ ಕೇಳಿಲ್ಲ. ಯಿನ್‌ಹ್ವಾ ಮನೆಯ ಮುಂದಿನ ಕೋಣೆಯಲ್ಲಿ ತಿರುಗುಮಣೆ ಹಾಕಿಕೊಂಡಳು. ಯಂತ್ರ ಬೇಡವೆಂದು ಶಪಥ ಮಾಡುತ್ತಾಳೆ ಎಂದು ಕೆಲವರು ಕಾದಿದ್ದರು, ಅಂಥವರಿಗೆ ನಿರಾಸೆಯಾಯಿತು. ಮಗಳು ಬಿಟ್ಟುಹೋಗಿದ್ದ ಹಳೆಯ ಟ್ಯಾಬನ್ನು ಗಂಡನ ಮುಂದಿಟ್ಟಳು. ಶುಯ್‌ಶೆಂಗ್‌ಗೆ ಗಾಜಿನ ಮೇಲೆ ಗೆರೆ ಜಾರುತ್ತಿತ್ತು, ಬೈದುಕೊಳ್ಳುತ್ತಿದ್ದ. ಕೊನೆಗೆ ಹಸಿ ಮಣ್ಣಿನ ಬಿಲ್ಲೆಯ ಮೇಲೆ ಕುಂಚದಿಂದಲೇ ಬೆಟ್ಟ ಎಳೆದು, ಅದರ ಫೋಟೊ ತೆಗೆದು ಟ್ಯಾಬಿಗೆ ಹಾಕಿ, ಅಲ್ಲಿ ಜೋಡಿಸಿ ಅಚ್ಚುಹಾಳೆ ತೆಗೆಸುವ ದಾರಿ ಹಿಡಿದ. ಅವನ ಗೆರೆಯ ಒರಟು ಹಾಗೇ ಉಳಿಯಿತು. ಮಂಜು ಬರುವ ಕಡೆ ಗೆರೆಯನ್ನು ಅರ್ಧಕ್ಕೆ ತುಂಡರಿಸಿ ಬಿಡು ಎಂದು ಅವಳು ಹೇಳಿದಳು. ಗೆರೆಯವನಿಗೆ ನೀರಿನವಳು ಹೇಳಿಕೊಡುವುದೇ ಎಂದು ಅವನು ಒಂದು ದಿನ ಮುನಿಸಿಕೊಂಡ. ಆಮೇಲೆ ತುಂಡರಿಸಿದ.

ಹೆಸರನ್ನು ತಳದಲ್ಲಿ ಬರೆಯುವುದಿಲ್ಲ, ಪೀಠಕ್ಕೆ ಸಿಗದ ಹಾಗೆ ಹೊರಮೈಯಲ್ಲಿ, ನದಿಯ ದಡದ ಹತ್ತಿರ ಬರೆಯುತ್ತೇನೆ ಎಂದು ಅವಳು ತೀರ್ಮಾನಿಸಿದ್ದಳು. ಮೊದಲ ಬಟ್ಟಲುಗಳು ತಯಾರಾದ ದಿನ ಶುಯ್‌ಶೆಂಗ್ ಕುಂಚ ಎತ್ತಿಕೊಂಡ. ಗೆರೆ ಮೊದಲು, ನೀರು ಆಮೇಲೆ, ಆದ್ದರಿಂದ ತನ್ನ ಹೆಸರು ಮೊದಲು ಎಂದ. ಆ ಮಾತು ಅವನ ಬಾಯಿಂದ ಯಾವ ಅಳುಕೂ ಇಲ್ಲದೆ ಬಂತು, ಕಾರ್ಖಾನೆಯ ಸಾಲಿನಿಂದ ನೇರ ಎದ್ದು ಬಂದಂತೆ.

“ಈ ಬಟ್ಲ ಮೇಲೆ ಗೆರೆ ಹಾಕಿದ್ದು ಪ್ರಿಂಟರ್,” ಎಂದಳು ಯಿನ್‌ಹ್ವಾ. “ಮೊದ್ಲು ಬಂದೋರದ್ದೇ ಮೊದ್ಲು ಅಂದ್ರೆ ಪ್ರಿಂಟರ್ ಹೆಸರ್ ಬರಿ. ಬಟ್ಲು ಮುಟ್ಟಿದೋರದ್ದು ಮೊದ್ಲು ಅಂದ್ರೆ ಕುಂಚ ಇಲ್ಲಿ ಕೊಡು.”

ಅವನು ಕುಂಚವನ್ನು ಕೊಡಲೂ ಇಲ್ಲ, ಬರೆಯಲೂ ಇಲ್ಲ. ಹಿಡಿದುಕೊಂಡು ನಿಂತ. ಕುಂಚದ ತುದಿಯ ನೀಲಿ ಒಣಗಿತು. ಅವಳು ಇನ್ನೊಂದು ಕುಂಚ ಅದ್ದಿ, ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, ದಡದ ಪಕ್ಕದಲ್ಲಿ ತನ್ನ ಹೆಸರನ್ನು ಬರೆದು, ಅದರ ಕೆಳಗೆ ಅವನಿಗೆಂದು ಜಾಗ ಬಿಟ್ಟು, ಬಟ್ಟಲನ್ನು ಅವನ ಕಡೆ ಸರಿಸಿದಳು.